ಏಣಿಯ ಋಣ

ಬೆಳೆಯುವ ಪೈರು ಮೊಳಕೆಯಲ್ಲೇ ತಿಳಿಯುತ್ತದೆ ಎಂಬ ಗಾದೆಯನ್ನು ಕೇಳದ ಕನ್ನಡಿಗನಿರಲಾರ. ಗಾದೆ ವೇದಕ್ಕೆ ಸಮ ಎನ್ನುತ್ತಾರೆ. ವೇದಕ್ಕೇ ಭಾಷ್ಯ ಬೇಕಾಗಿರುವಾಗ ಗಾದೆಗೆ ಬೇಡವೆ? ಈ ಗಾದೆಯನ್ನು ಹೊಲದಲ್ಲಿ ದುಡಿಯುವವನಿಗಿಂತ ಹೆಚ್ಚಾಗಿ ನಂಬಿ ನಡೆದವರು ನಮ್ಮ ವಿದ್ಯಾಸಂಸ್ಥೆಗಳವರು. ರಾಗಿ ಬೆಳೆಯುವವನು ಒಟ್ಲಿನಲ್ಲಿ ಇಕ್ಕಟ್ಟಾಗಿ ಬೆಳೆದ ಪೈರನ್ನು ಕಿತ್ತು, ಹೊಲದಲ್ಲಿ ಅಂತರ ಬಿಟ್ಟು ನಾಟಿ ಹಾಕುತ್ತಾನೆ. ಒಟ್ಲಿನಲ್ಲಿ ಸೊರಗಿದಂತೆ ಕಂಡದ್ದು ಹೊಲಕ್ಕೆ ಬಂದಮೇಲೆ ತೆಂಡೆಯೊಡೆದು ನಿಲ್ಲುವುದನ್ನು ಅವನು ಪ್ರತಿವರ್ಷವೂ ಕಂಡಿದ್ದಾನೆ. ಆದ್ದರಿಂದ ಮೊಳಕೆಯನ್ನು ನೋಡಿ ತೀರ್ಪು ಹೇಳುವುದರಲ್ಲಿ ಅವನಿಗೆ ಅವಸರವಿಲ್ಲ. ನಾವು ಮಾತ್ರ 16 ವರ್ಷದ ಹುಡುಗನ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು, ಇವನು ಈ ಕಡೆಗೆ, ಅವನು ಆ ಕಡೆಗೆ ಎಂದು ಗೆರೆ ಎಳೆದುಬಿಡುತ್ತೇವೆ.

ಆ ಗೆರೆ ಬೀಳುವುದು ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೂಡಲೇ. ಒಂದು ದಾರಿ 2 ವರ್ಷದ ಪಿ.ಯು.ಸಿ., ಅಲ್ಲಿಂದ ಸಿ.ಇ.ಟಿ., ಅಲ್ಲಿಂದ 4 ವರ್ಷದ ಇಂಜಿನಿಯರಿಂಗ್. ಇನ್ನೊಂದು ದಾರಿ ಪಾಲಿಟೆಕ್ನಿಕ್ಕಿನ 3 ವರ್ಷದ ಡಿಪ್ಲೊಮ. ಮೊದಲನೆಯ ದಾರಿಯಲ್ಲಿ ಹೋದವರು ಎರಡನೆಯದನ್ನು ಓದಲಾರದವರ ದಾರಿಯೆಂದು ಭಾವಿಸುವುದುಂಟು. ಆದರೆ ಪ್ರವೇಶದ ದಿನಗಳಲ್ಲಿ ಪಾಲಿಟೆಕ್ನಿಕ್ಕಿನ ಜಗಲಿಯಲ್ಲಿ ಕಾದು ಕುಳಿತ ತಂದೆತಾಯಿಗಳನ್ನು ಮಾತನಾಡಿಸಿ ನೋಡಿ. ಮಗನ ಬುದ್ಧಿಯ ವಿಚಾರ ಅವರ ಮಾತಿನಲ್ಲಿ ಬರುವುದು ಅಪರೂಪ. ಬರುವುದೆಲ್ಲ ಮನೆಯ ಲೆಕ್ಕ. ಪಿ.ಯು.ಸಿ. ಮುಗಿಸಿದವನ ಕೈಗೆ 2 ವರ್ಷದ ಕೊನೆಯಲ್ಲಿ ಒಂದು ಅಂಕಪಟ್ಟಿ ಬರುತ್ತದೆ, ಕಸಬು ಬರುವುದಿಲ್ಲ. ಮುಂದೆ ಸೀಟು ಸಿಕ್ಕದಿದ್ದರೆ ಏನು ಗತಿ ಎಂದು ಕೇಳಿದರೆ ಉತ್ತರವಿಲ್ಲ. ಡಿಪ್ಲೊಮ ಮುಗಿಸಿದವನಾದರೆ ಕಾರ್ಖಾನೆಯ ಬಾಗಿಲಿಗೆ ಹೋಗಿ ಕೆಲಸ ಕೇಳಬಲ್ಲ. ಮಗುವಿನ ಮುಂದಿನ ದಾರಿಯನ್ನು ಇಲ್ಲಿ ನಿರ್ಧರಿಸಿದ್ದು ಮನೆಯ ಕಷ್ಟ. ಅದನ್ನು ಬುದ್ಧಿಯ ಅಳತೆಯೆಂದು ಲೋಕ ಓದಿಕೊಳ್ಳುತ್ತದೆ.

ಈ ಎರಡು ದಾರಿಗಳ ನಡುವೆ ಒಂದು ಪಕ್ಕದ ಬಾಗಿಲಿದೆ. ಡಿಪ್ಲೊಮ ಮುಗಿಸಿದವರು ಡಿ.ಸಿ.ಇ.ಟಿ. ಎಂಬ ಪರೀಕ್ಷೆಯನ್ನು ಬರೆದು, ಬಂದ ರ‍್ಯಾಂಕಿನ ಪ್ರಕಾರ ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಸಿ.ಇ.ಟಿ. ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಇದನ್ನೂ ನಡೆಸುತ್ತದೆ. ಲೆಕ್ಕ ಹಾಕಿದರೆ 2 ಮತ್ತು 4 ಸೇರಿ 6; 3 ಮತ್ತು 3 ಸೇರಿದರೂ 6. ಎರಡು ದಾರಿಗಳೂ ಒಂದೇ ದಿನ ಒಂದೇ ಪದವಿಗೆ ಬಂದು ಮುಟ್ಟುತ್ತವೆ. ವ್ಯತ್ಯಾಸವೆಂದರೆ, ಎರಡನೆಯ ದಾರಿಯಲ್ಲಿ ನಡುವೆ ಒಂದು ತಂಗುದಾಣವಿದೆ. ಮನೆಯಲ್ಲಿ ಕಷ್ಟ ಬಂದರೆ ಅಲ್ಲೇ ಇಳಿದು ಸಂಪಾದನೆಗೆ ತೊಡಗಬಹುದು.

ಇದು ನಮ್ಮ ನಾಡಿನ ಪ್ರಶ್ನೆ ಮಾತ್ರವಲ್ಲ. ಅಮೆರಿಕದಲ್ಲಿ ಯಾರು ಬಂದರೂ ಸೇರಿಸಿಕೊಳ್ಳುವ 2 ವರ್ಷದ ಸಾರ್ವಜನಿಕ ಕಾಲೇಜುಗಳಿವೆ. ಅಂಥ ಮೊದಲನೆಯದು 1901ರಲ್ಲಿ ಇಲಿನಾಯ್ಸ್ ಪ್ರಾಂತದ ಜೋಲಿಯೆಟ್ ಊರಿನಲ್ಲಿ ಆರಂಭವಾಯಿತು. 1960ರಲ್ಲಿ ಕ್ಯಾಲಿಫೋರ್ನಿಯದವರು ತಮ್ಮ ಉನ್ನತ ಶಿಕ್ಷಣಕ್ಕೆ ಒಂದು ಯೋಜನೆ ಹಾಕಿಕೊಂಡರು. ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗ ವಿಶ್ವವಿದ್ಯಾಲಯಕ್ಕೆ, ಮೇಲಿನ ಮೂರನೆಯ ಒಂದು ಭಾಗ ರಾಜ್ಯ ಕಾಲೇಜುಗಳಿಗೆ, ಉಳಿದ ಎಲ್ಲರಿಗೂ ಬಾಗಿಲು ತೆರೆದ ಈ ಕಾಲೇಜುಗಳು. ಆದರೆ ಆರಿಸುವ ಜರಡಿಯನ್ನು ಹೀಗೆ ಬಿಗಿ ಮಾಡಿದವರೇ, ಕೆಳಗೆ ಉಳಿದವರು 2 ವರ್ಷ ಓದಿ ತೋರಿಸಿದರೆ ಮೇಲಕ್ಕೆ ಬರಬಹುದೆಂಬ ಮಾತನ್ನೂ ಅದೇ ಯೋಜನೆಯಲ್ಲಿ ಬರೆದಿಟ್ಟರು. ಜರಡಿ ಹಿಡಿದವನು ತನ್ನ ಕೈಯೂ ತಪ್ಪಬಹುದೆಂದು ಒಪ್ಪಿಕೊಂಡರೆ ಇಂಥ ಬಾಗಿಲು ಹುಟ್ಟುತ್ತದೆ. ಅದನ್ನು ದಯೆಯೆಂದು ಕರೆಯುವುದು ಸರಿಯಲ್ಲ. ಮೊದಲು ಕೊಟ್ಟ ತೀರ್ಪಿನ ತಿದ್ದುಪಡಿ ಅದು. ತಿದ್ದುಪಡಿಯನ್ನು ಪಡೆದವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಅಲ್ಲಾಳಸಂದ್ರದಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಈ ಬಾಗಿಲಿನಿಂದ ನಗರದ ಬಹು ಬೇಡಿಕೆಯ ಕಾಲೇಜೊಂದನ್ನು ಸೇರಿದ. ನಾನು ಕನ್ನಡ ಪಾಠ ಹೇಳುವವನು; ಅವನ ಯಂತ್ರಶಾಸ್ತ್ರ ನನಗೆ ತಿಳಿಯದು. ಆದರೂ ಒಂದು ದಿನ ಬಂದು ಎರಡು ಪ್ರಶ್ನೆ ಕೇಳಿದ. ಮೊದಲನೆಯದು: "ಸಾರ್, ಅಲ್ಲಿ ಎಲ್ಲರೂ ಯಾವ ಪಿ.ಯು. ಕಾಲೇಜು ಅಂತ ಕೇಳ್ತಾರೆ. ಡಿಪ್ಲೊಮ ಅಂದ ಕೂಡ್ಲೆ ಮಾತು ನಿಂತುಹೋಗುತ್ತೆ. ಅದಕ್ಕೇ ಈಗ ಹೇಳೋದೇ ಬಿಟ್ಟಿದೀನಿ. ಅದು ಸುಳ್ಳು ಹೇಳಿದ ಹಾಗಾ?" ಎರಡನೆಯದು ಅವನ ಗೆಳೆಯನ ವಿಷಯ. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷವೂ ಒಂದೇ ಬೆಂಚಿನಲ್ಲಿ ಕುಳಿತವರು. ಗೆಳೆಯನ ಅಂಕಗಳೇ ಹೆಚ್ಚು. ಪರೀಕ್ಷೆಯ ವರ್ಷ ಆ ಹುಡುಗನ ತಂದೆ ಹಾಸಿಗೆ ಹಿಡಿದರು. ಅವನು ಕಾರ್ಖಾನೆಗೆ ಸೇರಿಕೊಂಡ. "ಅವನು ಕೂರಬೇಕಾದ ಜಾಗದಲ್ಲಿ ನಾನು ಕೂತಿದೀನಿ ಅನ್ಸುತ್ತೆ, ಸಾರ್."

ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಲೆಕ್ಕದ ದೃಷ್ಟಿಯಿಂದ ಹುಡುಗನ ಅಳುಕಿಗೆ ಆಧಾರವಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಪಕ್ಕದ ಬಾಗಿಲಿನವರಿಗೆ ಮಂಜೂರಾದ ಸ್ಥಾನಗಳ ಮೇಲೆ ಶೇಕಡ 10ರಷ್ಟು ಹೆಚ್ಚುವರಿ ಸ್ಥಾನಗಳಿವೆ. 60 ಜನರ ತರಗತಿಗೆ ಇನ್ನೂ 6. ಮೊದಲ ವರ್ಷದಲ್ಲಿ ಖಾಲಿ ಉಳಿದವೂ ಅವರಿಗೆ ದೊರೆಯಬಹುದು. ಹಾಗೆ ಬಂದವನು ಯಾರನ್ನೂ ಎಬ್ಬಿಸಿ ಕುಳಿತಿರುವುದಿಲ್ಲ. ಸುಲಭವಾಗಿ ಬಂದರೆಂಬ ಮಾತೂ ನಿಲ್ಲದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ 2018ರ ಪಠ್ಯಕ್ರಮದಲ್ಲಿ ಹೀಗೆ ಬಂದವರಿಗೆಂದೇ ಹೆಚ್ಚುವರಿ ಗಣಿತದ ಪಾಠಗಳನ್ನು ಇಟ್ಟಿತ್ತು. ಉಳಿದವರು ಒಂದು ವರ್ಷ ಮುಂಚೆ ಕಲಿತದ್ದನ್ನು ಇವರು ನಡೆಯುತ್ತಿರುವ ಪಾಠದ ಜೊತೆಗೇ ಕಲಿಯಬೇಕು. ಗೆಳೆತನಗಳೆಲ್ಲ ಕೂಡಿಕೊಂಡಮೇಲೆ ಬಂದು ಕಡೆಯ ಬೆಂಚಿನಲ್ಲಿ ಜಾಗ ಹುಡುಕಬೇಕು.

ಲೆಕ್ಕ ಹೀಗಿದ್ದರೂ ಹುಡುಗನ ಅಳುಕಿನಲ್ಲಿ ಒಂದು ಸತ್ಯವಿದೆ. ಅವನಿಗೂ ಗೆಳೆಯನಿಗೂ ನಡುವೆ ಇದ್ದ ಅಂತರ ಅರ್ಹತೆಯದಲ್ಲ, ಒಬ್ಬ ತಂದೆಯ ಆರೋಗ್ಯದ್ದು. ಇದನ್ನು ಅವನು ಕಂಡಿದ್ದಾನೆ. ನಾವು ಬಹುಮಂದಿ ಕಾಣುವುದಿಲ್ಲ. ಕಂಡರೂ ಫಲಿತಾಂಶದ ದಿನ ಮರೆಯುತ್ತೇವೆ. "ನನ್ನ ಯೋಗ್ಯತೆಯಿಂದ ಬಂದೆ" ಎಂದು ಹೇಳುವವನು, ಆ ವರ್ಷ ತನ್ನ ಮನೆಯಲ್ಲಿ ಯಾರೂ ಕಾಯಿಲೆ ಬೀಳಲಿಲ್ಲವೆಂಬುದನ್ನೂ, ಅಣ್ಣನೋ ಅಕ್ಕನೋ ಸಂಬಳ ತಂದು ಕೊಟ್ಟರೆಂಬುದನ್ನೂ, ಓದಲು ಒಂದು ಮೂಲೆಯೂ ಒಂದು ದೀಪವೂ ಇದ್ದವೆಂಬುದನ್ನೂ ಲೆಕ್ಕದಲ್ಲಿ ಬರೆಯಬೇಕು. ಹಾಗೆ ಬರೆದರೆ ಯೋಗ್ಯತೆ ಸೊನ್ನೆಯಾಗುವುದಿಲ್ಲ. ಹುಡುಗ ರಾತ್ರಿಯೆಲ್ಲ ಓದಿದ್ದು ಸುಳ್ಳಲ್ಲ. ಆದರೆ ಮೊತ್ತದಲ್ಲಿ ಅವನ ಸ್ವಂತದ ಪಾಲೆಷ್ಟು, ಬಂದೊದಗಿದ ಪಾಲೆಷ್ಟು ಎಂಬುದು ಕಣ್ಣಿಗೆ ಬೀಳುತ್ತದೆ. ಇದು ಮೊದಲ ದಾರಿಯಲ್ಲಿ ಬಂದವರಿಗೂ ಅಷ್ಟೇ ಸಲ್ಲುವ ಮಾತು.

ಹಾಗಾದರೆ ಅವನು ಸ್ಥಾನವನ್ನು ಬಿಟ್ಟುಬಿಡಬೇಕೆ? ಬಿಟ್ಟರೆ ಗೆಳೆಯನಿಗೆ ಬರುವುದಿಲ್ಲ, ತಂದೆಯ ಕಾಯಿಲೆ ವಾಸಿಯಾಗುವುದಿಲ್ಲ. ಒಬ್ಬನಿಗೂ ಉಪಯೋಗವಿಲ್ಲದ ತ್ಯಾಗವನ್ನು ಧರ್ಮವೆನ್ನಲು ನನಗೆ ಧೈರ್ಯವಿಲ್ಲ. ಹೋಗತಕ್ಕದ್ದೇ, ಚೆನ್ನಾಗಿ ಓದತಕ್ಕದ್ದೇ. ಹೋಗುವುದನ್ನು ಕೃತಘ್ನತೆಯೆಂದು ಕೆಲವರು ಭಾವಿಸುವುದುಂಟು. ಪದವಿ ಕಾಲೇಜಿನ ಅಧ್ಯಾಪಕರಾದ ನಾವೂ ಒಮ್ಮೊಮ್ಮೆ ಹಾಗೆ ಭಾವಿಸುತ್ತೇವೆ. ಚೆನ್ನಾಗಿ ಓದುವ ಹುಡುಗಿ ಬೇರೆ ಕಾಲೇಜಿಗೆ ಹೊರಟು ನಿಂತರೆ ಹಾಲಿನ ಕೆನೆಯನ್ನು ಯಾರೋ ತೆಗೆದುಕೊಂಡು ಹೋದಂತೆ ಆಗುತ್ತದೆ. ಆದರೆ ವರ್ಗಾವಣೆ ಪತ್ರದಲ್ಲಿ "ಬಿಡಲು ಕಾರಣ" ಎಂಬಲ್ಲಿ "ಉನ್ನತ ವ್ಯಾಸಂಗಕ್ಕಾಗಿ" ಎಂದು ಬರೆಯುವುದಕ್ಕಲ್ಲವೆ ನಾವು ಇರುವುದು? ಎಲ್ಲರಿಗೂ ಬಾಗಿಲು ತೆರೆದ ಸಂಸ್ಥೆ ತನ್ನ ಮಕ್ಕಳನ್ನು ಹಿಡಿದಿಟ್ಟುಕೊಳ್ಳಲು ಹುಟ್ಟಿದ್ದಲ್ಲ.

ಇನ್ನು ಮೊದಲನೆಯ ಪ್ರಶ್ನೆ. ಕೇಳದಿದ್ದನ್ನು ಹೇಳದೆ ಇರುವುದು ಸುಳ್ಳಲ್ಲ. ಕೇಳಿದಾಗ ಮಾತು ಮರೆಸುವುದೂ ನ್ಯಾಯಾಲಯದ ಅರ್ಥದಲ್ಲಿ ಸುಳ್ಳಲ್ಲ. ಆದರೆ ಆ ಮೌನದಿಂದ ನಷ್ಟವಾಗುವುದು ಯಾರಿಗೆ ಎಂದು ವಿಚಾರಿಸಬೇಕು. ಕೇಳಿದ ಸಹಪಾಠಿಗೆ ಏನೂ ನಷ್ಟವಿಲ್ಲ. ನಷ್ಟವಾಗುವುದು ಹಿಂದೆ ಬರುವವನಿಗೆ. ಪಾಲಿಟೆಕ್ನಿಕ್ಕಿನಿಂದ ಮೇಲಕ್ಕೆ ಬಂದ ಪ್ರತಿಯೊಬ್ಬನೂ ಬಂದ ದಾರಿಯನ್ನು ಮರೆಮಾಚಿದರೆ, ಆ ದಾರಿ ಎಲ್ಲಿಗೂ ಹೋಗುವುದಿಲ್ಲವೆಂದು ಲೋಕ ನಂಬಿಕೊಂಡೇ ಇರುತ್ತದೆ. ಹೋದವರಿದ್ದಾರೆ, ಸಾಕ್ಷಿ ಹೇಳುವವರಿಲ್ಲ. ಮುಂದಿನ ವರ್ಷ ಜಗಲಿಯಲ್ಲಿ ಕಾದು ಕೂರುವ ತಾಯಿಗೆ, "ನಿಮ್ಮ ಮಗ ಇಲ್ಲಿಂದ ಅಲ್ಲಿಗೂ ಹೋಗಬಲ್ಲ" ಎಂದು ತೋರಿಸಲು ಒಂದು ಮುಖವೂ ಸಿಗುವುದಿಲ್ಲ. ಏರಿದ ಏಣಿಯನ್ನು ಒದೆಯಬಾರದೆಂದು ಹಿರಿಯರು ಹೇಳಿದರು. ಒದೆಯದೆ, ಮೇಲೊಂದು ಚಾದರ ಹೊದಿಸಿದರೂ ಹಿಂದೆ ಬರುವವನಿಗೆ ಆಗುವ ನಷ್ಟ ಒಂದೇ.

ಆದರೂ ಮೌನವಾಗಿದ್ದವನನ್ನು ಜರೆಯಲು ನನಗೆ ಮನಸ್ಸು ಬರುವುದಿಲ್ಲ. ಅವಮಾನದಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಬಾಯಿ ಮುಚ್ಚಿಕೊಂಡವನಿಗಿಂತ, ಅವನು ಹೇಳಿದ ಕೂಡಲೇ ಮಾತು ನಿಲ್ಲಿಸಿದವರ ಹೊಣೆ ದೊಡ್ಡದು. ಆರಿಸಿಕೊಂಡ ಕಾಲೇಜಿನ ಹೊಣೆಯಂತೂ ಎಲ್ಲಕ್ಕಿಂತ ದೊಡ್ಡದು. ಅಂಗಡಿಯವನೊಬ್ಬ ತನ್ನ ಬೇಳೆಯಲ್ಲಿ ಒಂದು ಕಲ್ಲೂ ಇಲ್ಲವೆಂದು ಜಂಬ ಕೊಚ್ಚಿಕೊಳ್ಳಬಹುದು. ಮೊರದಲ್ಲಿ ಕೇರಿ, ಕಲ್ಲು ಆರಿಸಿ ಕೊಟ್ಟ ಹೆಂಗಸರ ಹೆಸರು ಅವನ ಬೋರ್ಡಿನಲ್ಲಿರುವುದಿಲ್ಲ. ಆಯ್ದ ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳುವ ಕಾಲೇಜಿನ ಒಳ್ಳೆಯ ಫಲಿತಾಂಶದಲ್ಲಿ ಅದರ ಅಧ್ಯಾಪಕರ ದುಡಿಮೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕನ್ನಡ ಮಾಧ್ಯಮದಿಂದ ಬಂದು ಮೊದಲ ದಿನ ಇಂಗ್ಲಿಷ್ ಪಾಠ ಕೇಳಿ ದಿಗಿಲುಬಿದ್ದ ಹುಡುಗನನ್ನು ಮೂರು ವರ್ಷ ಕೈಹಿಡಿದು ನಡೆಸಿದ ಪಾಲಿಟೆಕ್ನಿಕ್ಕಿನ ಉಪನ್ಯಾಸಕನ ದುಡಿಮೆ ಅದಕ್ಕಿಂತ ಹಗುರವೆ? ದೊಡ್ಡ ಕಾಲೇಜುಗಳಿಗೆ ಒಂದು ಸೂಚನೆ ಮಾಡಲು ಮನಸ್ಸಾಗುತ್ತದೆ. ರ‍್ಯಾಂಕ್ ಬಂದವರ ಪಟ್ಟಿಯನ್ನು ಪ್ರಕಟಿಸುವಾಗ ಪ್ರತಿ ಹೆಸರಿನ ಎದುರಿಗೆ ಆ ವಿದ್ಯಾರ್ಥಿ ಹಿಂದೆ ಓದಿದ ಸಂಸ್ಥೆಯ ಹೆಸರನ್ನೂ ಅಚ್ಚು ಹಾಕಿಸಲಿ. ಖರ್ಚು ಒಂದು ಸಾಲಿನ ಮಸಿ. ಸಂಸ್ಥೆಯೇ ಮೊದಲು ಹೇಳಿಬಿಟ್ಟರೆ ಹುಡುಗ ಹೇಳಲು ಹಿಂಜರಿಯಬೇಕಾಗಿಲ್ಲ.

ಸಂಸ್ಥೆಗಳಿಗೆ ಇದರಲ್ಲಿ ಸಂಕೋಚವೂ ಸಲ್ಲದು, ಏಕೆಂದರೆ ಅವೂ ಮೆಟ್ಟಿಲೇರಿ ಬಂದವೇ. ನಮ್ಮ ಅಲ್ಲಾಳಸಂದ್ರದ ನೆರೆಯಲ್ಲೇ ಇರುವ ಜಿ.ಕೆ.ವಿ.ಕೆ.ಯ ಕೃಷಿ ವಿಶ್ವವಿದ್ಯಾಲಯದ ಕಥೆ ನೋಡಿ. ಅದರ ಮೂಲ 1913ರಲ್ಲಿ ಹೆಬ್ಬಾಳದಲ್ಲಿ ತೆರೆದ ಒಂದು ಕೃಷಿ ಶಾಲೆ. 1946ರಲ್ಲಿ ಆ ಶಾಲೆ ಕಾಲೇಜಾಯಿತು. 1964ರಲ್ಲಿ ವಿಶ್ವವಿದ್ಯಾಲಯ ಬಂದಿತು. ಇಂದು ಅಲ್ಲಿ ಸೀಟಿಗಾಗಿ ನೂಕುನುಗ್ಗಲು. ಹೆಬ್ಬಾಳದ ಶಾಲೆಯನ್ನು ತನ್ನ ಚರಿತ್ರೆಯ ಮೊದಲ ಪುಟದಲ್ಲಿ ಬರೆದುಕೊಳ್ಳಲು ವಿಶ್ವವಿದ್ಯಾಲಯಕ್ಕೆ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ. ಸಂಸ್ಥೆಗೆ ಹೆಮ್ಮೆಯಾದದ್ದು ಹುಡುಗನಿಗೆ ಕುಂದು ಹೇಗಾದೀತು?

ಇಷ್ಟು ಹೇಳಿದಮೇಲೂ ಕಾರ್ಖಾನೆಗೆ ಹೋದ ಗೆಳೆಯ ನನ್ನ ಮನಸ್ಸಿನಿಂದ ಮರೆಯಾಗುವುದಿಲ್ಲ. ಪಕ್ಕದ ಬಾಗಿಲನ್ನು ಹೊಗಳುವಾಗ ಒಂದು ಅಪಾಯವಿದೆ: ಒಳಗೆ ಹೋದವನೇ ಗೆದ್ದವನು, ಉಳಿದವನು ಸೋತವನು ಎಂಬ ಭಾವನೆ ಬೇರೂರುತ್ತದೆ, ಪಾಲಿಟೆಕ್ನಿಕ್ ಎಂಬುದು ರೈಲು ಬರುವವರೆಗೆ ಕೂರುವ ನಿಲ್ದಾಣದಂತೆ ಆಗಿಬಿಡುತ್ತದೆ. ಇದು ಸರಿಯಲ್ಲ. ನಗರದ ಈ ಉತ್ತರ ಭಾಗದಲ್ಲಿ ಜಾಲಹಳ್ಳಿಯ ಎಚ್.ಎಂ.ಟಿ. 1953ರಲ್ಲಿ, ಬಿ.ಇ.ಎಲ್. 1954ರಲ್ಲಿ, ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಆರಂಭವಾದವು. ಇಂಥ ಕಾರ್ಖಾನೆಗಳನ್ನು ದಿನದಿನವೂ ನಡೆಸಿದವರಲ್ಲಿ ಐ.ಟಿ.ಐ. ಮತ್ತು ಡಿಪ್ಲೊಮ ಓದಿದವರು ದೊಡ್ಡ ಪಾಲು. ಗಾಲಿಯ ಸುತ್ತಳತೆ ಕೂದಲೆಳೆಯಷ್ಟು ತಪ್ಪದಂತೆ ನೋಡಿಕೊಂಡವನ ಕೆಲಸ ಯಾವ ಪದವಿಗೂ ಕಡಿಮೆಯದಲ್ಲ. ಹಾಗೆ ಕೆಲಸಕ್ಕೆ ಸೇರಿದವರಲ್ಲಿ ಕೆಲವರು ಸಂಜೆಯ ತರಗತಿಗೆ ಹೋಗಿ ಇಂಜಿನಿಯರ್ ಆದದ್ದುಂಟು. ಹಲವರು ಹಾಗೆ ಆಗದೆ, ತಮ್ಮ ಕೆಲಸವನ್ನೇ ಬಲ್ಲವರಾಗಿ ನಿವೃತ್ತರಾದರು. ಮೇಲಕ್ಕೆ ಹೋಗಲು ಬಾಗಿಲಿರಬೇಕು. ಹೋಗದೆ ಉಳಿದವನಿಗೂ ಮರ್ಯಾದೆಯಿರಬೇಕು. ಎರಡನೆಯದು ಇಲ್ಲದ ಕಡೆ ಮೊದಲನೆಯದು ಓಡಿಹೋಗುವವರ ಬಾಗಿಲಾಗುತ್ತದೆ.

ಕೊನೆಗೆ ಋಣದ ಮಾತು. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮವರು ಹೇಳಿದರು. ಅವುಗಳನ್ನು ತೀರಿಸುವ ಬಗೆಯನ್ನು ಗಮನಿಸಬೇಕು. ತಂದೆತಾಯಿಗಳ ಋಣ ತೀರುವುದು ಮಕ್ಕಳನ್ನು ಸಾಕುವುದರಿಂದ. ಋಷಿಗಳ ಋಣ ತೀರುವುದು ಕಲಿತು, ಕಲಿಸುವುದರಿಂದ. ಸಾಲ ಕೊಟ್ಟವನಿಗೆ ಹಿಂದಕ್ಕೆ ಸಲ್ಲುವ ಋಣಗಳಲ್ಲ ಇವು. ಮುಂದೆ ಬರುವವನಿಗೆ ಸಲ್ಲಬೇಕಾದವು. ನಮ್ಮೂರಿನ ಹೆಸರಿನ ಕೊನೆಯ "ಸಂದ್ರ" ಎಂಬುದು "ಸಮುದ್ರ"ದಿಂದ ಬಂದದ್ದು. ಹಿಂದಿನವರು ಕೆರೆಯನ್ನೇ ಸಮುದ್ರವೆಂದು ಕರೆದರು. ಈ ಸೀಮೆಯ ಕೆರೆಗಳನ್ನು ಅವರು ಸರಣಿಯಾಗಿ ಕಟ್ಟಿದರು. ಜಕ್ಕೂರು ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ. ಮೇಲಿನ ಕೆರೆ ಪಡೆದ ನೀರಿನ ಋಣವನ್ನು ಕೆಳಗಿನ ಕೆರೆಗೆ ತೀರಿಸುತ್ತದೆ.

ಹೀಗೆ ಋಣ ತೀರಿಸಿದವರೊಬ್ಬರ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದಿದ ಬಡ ಹುಡುಗ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿಸಿದರು. ಅದೇ ಇಂದು ಅವರ ಹೆಸರನ್ನು ಹೊತ್ತಿರುವ, ಕೆ.ಆರ್. ವೃತ್ತದ ಕಾಲೇಜು. ಅಲ್ಲಿಗೇ ನಿಂತಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಬರಬೇಕಾಗಿದ್ದ ಹಣವನ್ನು ಅವರು ಕೈಕಸಬು ಕಲಿಸುವ ಶಾಲೆಯೊಂದಕ್ಕೆ ಬಿಟ್ಟುಕೊಟ್ಟರು. ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರನ್ನು ಇಡಿಸಿದರು. 1943ರಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಅಲ್ಲಿಂದ ಇಂಜಿನಿಯರಿಂಗ್ ಕಾಲೇಜಿಗೆ ನಡೆದೇ ಹೋಗಬಹುದು. ಮೇಲಿನದನ್ನೂ ಕೆಳಗಿನದನ್ನೂ ಕಟ್ಟಿಸಿದ್ದು ಒಂದೇ ಕೈ.

ಎಲ್ಲರೂ ಶಾಲೆ ಕಟ್ಟಿಸಬೇಕಾಗಿಲ್ಲ. ನಮ್ಮ ಬೀದಿಯ ಹುಡುಗನಿಗೆ ನಾನು ಹೇಳಿದ್ದು ಇಷ್ಟು: "ಕೇಳಿದವರಿಗೆ ಪಾಲಿಟೆಕ್ನಿಕ್ಕಿನ ಹೆಸರು ಹೇಳಪ್ಪ. ಮೊದಲ ಸಲ ಕಷ್ಟ ಆಗುತ್ತೆ, ಹತ್ತನೇ ಸಲ ಆಗಲ್ಲ. ರಜದಲ್ಲಿ ಒಂದು ದಿನ ಅಲ್ಲಿಗೆ ಹೋಗಿ, ಕೊನೇ ವರ್ಷದವರಿಗೆ ಗಣಿತ ಎಲ್ಲಿ ಕೈಕೊಡುತ್ತೆ ಅಂತ ತಿಳಿಸಿಬಾ. ನಿನ್ನ ಗೆಳೆಯನಿಗೂ ಪುಸ್ತಕ ಕೊಟ್ಟಿರು. ಪರೀಕ್ಷೆ ಮುಂದಿನ ವರ್ಷವೂ ಇರುತ್ತೆ." ಅವನು ಹೂಂ ಎಂದು ಎದ್ದುಹೋದ. ಹೇಳಿದ್ದಾನೋ ಇಲ್ಲವೋ ನಾನು ವಿಚಾರಿಸಿಲ್ಲ. ಆದರೆ ಈ ಬಾರಿಯ ಫಲಿತಾಂಶದ ದಿನಗಳಲ್ಲಿ, ಯಾವ ಕಾಲೇಜೆಂದು ಕೇಳುವ ನಾವು ದೊಡ್ಡವರು ಡಿಪ್ಲೊಮ ಎಂಬ ಉತ್ತರ ಬಂದಾಗ ಮಾತು ನಿಲ್ಲಿಸದೆ, ಯಾವ ವಿಭಾಗ, ಮುಂದೇನು ಎಂದು ಕೇಳಿದರೆ, ಆ ಹುಡುಗನ ಮೊದಲನೆಯ ಪ್ರಶ್ನೆಯನ್ನು ಇನ್ನೊಬ್ಬ ಹುಡುಗ ಕೇಳುವ ಪ್ರಮೇಯ ಬರಲಾರದು.